ಹನ್ನೊಂದನೇ ದಿನದ ತುತ್ತು

"ಸಾವಿಲ್ದೆ ಹಾಡ್ಬಾರ್ದು ಕಣಮ್ಮಣ್ಣಿ. ಎಷ್ಟು ಕಿತ ಯೋಳಿದ್ರೂ ಅದ್ನೇ ಕೇಳ್ತೀಯಲ್ಲ."

ರಾಮಕ್ಕ ಅವರೆಕಾಯಿ ಸುಲಿಯುತ್ತ ತಲೆಯೆತ್ತದೆ ಹೇಳಿದಳು. ಭೂಮಿಕಾ ಅವಳೆದುರು ಗೋಣಿಚೀಲದ ಮೇಲೆ ಕೂತು ತಾನೂ ಸುಲಿಯುತ್ತಿದ್ದಳು. ಬೇರಿಕೆಯಿಂದ ಎರಡು ಮೈಲಿ ಒಳಗಿದ್ದ ಆ ಹಳ್ಳಿಗೆ ಇದು ಅವಳ ಮೂರನೇ ಭೇಟಿ. ಮೊದಲ ಸಲ ಬಂದಾಗ ಪುಸ್ತಕ ಪೆನ್ನು ಹಿಡಿದು ಜಗಲಿಯ ಮೇಲೆ ಕೂತಿದ್ದಳು. ಜನರ ಜೊತೆ ಕೂತು, ಅವರು ಮಾಡುವ ಕೆಲಸ ಮಾಡುತ್ತಲೇ ಅವರನ್ನು ನೋಡಬೇಕು, ಅದಕ್ಕೆ ಸಹಭಾಗಿ ಅವಲೋಕನ ಅನ್ನುತ್ತಾರೆ ಎಂದು ಕಾಲೇಜಿನ ಮೇಡಂ ತಿದ್ದಿದ ಮೇಲೆ ಈಗ ಗೋಣಿಚೀಲಕ್ಕೆ ಇಳಿದಿದ್ದಳು. ಅವಳು ಸುಲಿದ ಕಾಳಿಗಿಂತ ಹುಳುಕೆಂದು ಎಸೆದ ಒಳ್ಳೆಯ ಕಾಳೇ ಹೆಚ್ಚಿತ್ತು. ರಾಮಕ್ಕ ನೋಡಿಯೂ ನೋಡದವಳಂತೆ ಅದನ್ನು ಆಗಾಗ ಆರಿಸಿ ಮೊರಕ್ಕೆ ಹಾಕಿಕೊಳ್ಳುತ್ತಿದ್ದಳು.

ಭೂಮಿಕಾ ಬೆಂಗಳೂರಿನಲ್ಲಿ ಮಾನವಶಾಸ್ತ್ರದ ಎಂ.ಎ. ಕೊನೆಯ ವರ್ಷದಲ್ಲಿದ್ದಳು. ಮನೆ ಹೊಸೂರಿನಲ್ಲಿ. ಅಪ್ಪ ಜಯರಾಮಯ್ಯ ಕುಣಿಗಲ್ ಕಡೆಯಿಂದ ಬಂದು ಇಲ್ಲಿನ ಫ್ಯಾಕ್ಟರಿಯೊಂದರಲ್ಲಿ ಇಪ್ಪತ್ತೈದು ವರ್ಷದಿಂದ ಶಿಫ್ಟಿನ ಕೆಲಸ ಮಾಡುತ್ತಿದ್ದ. ಮಗಳು ದಿನಾ ಬೆಳಿಗ್ಗೆ ಗಡಿಯ ಜೂಜುವಾಡಿಯಲ್ಲಿ ನಿಂತ ಲಾರಿಗಳ ಸಾಲು ದಾಟಿ ಹೋಗಿ ಸಂಜೆ ಅದೇ ಸಾಲು ದಾಟಿ ಬರುತ್ತಿದ್ದಳು. ಮೊದಲ ವರ್ಷದ ಮೊದಲ ಪಾಠದಲ್ಲಿ ಚಂದ್ರಲೇಖಾ ಮೇಡಂ ಬೋರ್ಡಿನ ಮೇಲೆ ಒಂದು ಮರ ಬರೆದು ಅದಕ್ಕೆ ನಾಲ್ಕು ಕೊಂಬೆ ಎಳೆದಿದ್ದರು. ಮೂಳೆ, ತಲೆಬುರುಡೆ ಅಳೆಯುವ ದೈಹಿಕ ಮಾನವಶಾಸ್ತ್ರ ಒಂದು. ಮಣ್ಣಡಿಯ ಮಡಕೆ ಚೂರು ಹುಡುಕುವ ಪುರಾತತ್ವ ಇನ್ನೊಂದು. ಜನರ ಮಾತನ್ನು ಹಿಡಿಯುವ ಭಾಷಾ ಮಾನವಶಾಸ್ತ್ರ ಮೂರನೆಯದು. ಹುಟ್ಟು, ಮದುವೆ, ಸಾವು, ನಂಟಸ್ತಿಕೆ ನೋಡುವ ಸಾಂಸ್ಕೃತಿಕ ಮಾನವಶಾಸ್ತ್ರ ನಾಲ್ಕನೆಯದು. ತಲೆಬುರುಡೆ ಮುಟ್ಟುವುದಕ್ಕಿಂತ ಬದುಕಿರುವವರೇ ವಾಸಿ ಎಂದು ಭೂಮಿಕಾ ನಾಲ್ಕನೆಯ ಕೊಂಬೆಗೆ ಜೋತುಬಿದ್ದಳು. ತಲೆಬುರುಡೆ ತಿರುಗಿ ಪ್ರಶ್ನೆ ಕೇಳುವುದಿಲ್ಲ ಎಂಬ ಅದರ ದೊಡ್ಡ ಗುಣ ಅವಳಿಗೆ ಆಗ ತಿಳಿದಿರಲಿಲ್ಲ.

ಗಡಿ ಭಾಗದ ಸಾವಿನ ಆಚರಣೆಗಳು ಅವಳ ಪ್ರಬಂಧದ ವಿಷಯ. ತಮಿಳಿನಲ್ಲಿ ಒಪ್ಪಾರಿ ಅನ್ನುವುದನ್ನು ಬೇರಿಕೆ ಕಡೆಯ ಕನ್ನಡದವರು ಸುಮ್ಮನೆ 'ಹಾಡ್ಕಂಡು ಅಳೋದು' ಅನ್ನುತ್ತಾರೆ. ಹಾಗೆ ಅಳುವುದರಲ್ಲಿ ಸುತ್ತಿನ ಹತ್ತು ಹಳ್ಳಿಗೆ ರಾಮಕ್ಕನೇ ದೊಡ್ಡವಳು. ಅವಳು ಕೂಲಿಗೆ ಅಳುವವಳಲ್ಲ. ಸಾವಿನ ಸುದ್ದಿ ಕಿವಿಗೆ ಬಿದ್ದರೆ ಕೈಯಲ್ಲಿದ್ದ ಕುಡುಗೋಲು ಅಲ್ಲೇ ಬಿಟ್ಟು ಹೋಗುತ್ತಾಳೆ, ಹೆಣದ ತಲೆಯ ಬಳಿ ಕೂರುತ್ತಾಳೆ, ಸತ್ತವರ ಬದುಕನ್ನೆಲ್ಲ ಹಾಡಿನಲ್ಲಿ ಕರೆದು ಕರೆದು ಅಳುತ್ತಾಳೆ. ರಾಮಕ್ಕ ಬರದ ಸಾವು ಸಾವಲ್ಲ ಎಂದು ಆ ಕಡೆ ತಮಾಷೆಗೂ ಹೇಳುತ್ತಾರೆ, ನಿಜವಾಗಿಯೂ ಹೇಳುತ್ತಾರೆ.

"ಸುಮ್ಮನೆ ಹಾಡಿದ್ರೆ ಏನಾಗುತ್ತೆ ರಾಮಕ್ಕ?"

"ಕರ್ದಂಗಾಯ್ತದೆ. ಕರ್ದ್ಮೇಲೆ ಬರ್ದೆ ಇರ್ತದಾ?"

"ಅಂದ್ರೆ ಹೆಣದ ಮುಂದೆ ಮಾತ್ರಾನಾ ಹಾಡೋದು?"

ರಾಮಕ್ಕ ಒಂದು ಕಾಯಿಯನ್ನು ಬೆರಳಲ್ಲಿ ಹಿಡಿದು ಯೋಚಿಸಿದಳು. ಯಾರೇ ಏನೇ ಕೇಳಲಿ, ಸರಿಯಾದ ಉತ್ತರ ಕೊಡಬೇಕು ಅನ್ನುವ ಸ್ವಭಾವ ಅವಳದು. "ಅಂಗೇನಿಲ್ಲ. ಮುಖ ನೋಡಕ್ಕಾಗ್ದೋರು ಇರ್ತಾರಲ್ಲ, ದೂರದೂರೋರು, ಮಣ್ಣಾದ್ಮೇಲೆ ಬಂದೋರು. ಅವ್ರು ಬಂದು ನನ್ನ ತಬ್ಕಂಡು ಅತ್ರೆ ಅವಾಗ ಹಾಡ್ತೀನಿ. ಅಳು ಒಳಗೇ ಕುಂತ್ಕಂಡ್ರೆ ಮನ್ಸ ಕೆಟ್ಟೋಯ್ತಾನೆ."

ಭೂಮಿಕಾ ಕೈಯೊರೆಸಿಕೊಂಡು ಪುಸ್ತಕ ತೆಗೆದು 'ವಿನಾಯಿತಿ: ಮುಖ ನೋಡಲಾಗದವರು' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಳು.

ಅದೇ ಪುಸ್ತಕದಲ್ಲಿ ರಾಮಕ್ಕನ ಮನೆತನದ ಚಿತ್ರವೂ ಇತ್ತು. ಗಂಡಸಿಗೆ ತ್ರಿಕೋನ, ಹೆಂಗಸಿಗೆ ಸೊನ್ನೆ, ಸತ್ತವರಿಗೆ ಅಡ್ಡಗೆರೆ. ಮೊದಲ ದಿನ ಅದನ್ನು ಬರೆದು ಮುಗಿಸಿದಾಗ ರಾಮಕ್ಕ, "ನಮ್ದೆಲ್ಲ ಬರ್ಕಂಡ್ಯಲ್ಲ, ನಿಂದೂ ಬರಿ ನೋಡಾನ" ಎಂದಿದ್ದಳು. ಪಾಠದಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ. ಭೂಮಿಕಾ ನಗುತ್ತ ಪಕ್ಕದ ಹಾಳೆಯಲ್ಲಿ ಅಪ್ಪ, ಅಮ್ಮ, ಅಪ್ಪನ ತಾಯಿ ಭಾಗ್ಯಮ್ಮ ಎಂದು ಬರೆದು ತೋರಿಸಿದಳು. ಅಮ್ಮನ ಕಡೆಯ ಅಜ್ಜಿ ತಾತಂದಿರಿಗೆ ಅಡ್ಡಗೆರೆ ಬಿತ್ತು. ರಾಮಕ್ಕ ಭಾಗ್ಯಮ್ಮನ ಸೊನ್ನೆಯ ಮೇಲೆ ಬೆರಳಿಟ್ಟು, "ಇವಮ್ಮ ಅವ್ರಾ?" ಎಂದಳು. "ಇದ್ದಾರೆ, ನಮ್ಮ ಜೊತೇಲೇ" ಎಂದಳು ಭೂಮಿಕಾ. ಅಂದೇ ನಿಯಮದಂತೆ ಒಪ್ಪಿಗೆ ಪತ್ರಕ್ಕೆ ರಾಮಕ್ಕನ ಹೆಬ್ಬೆಟ್ಟು ಹಾಕಿಸಿ, ತನ್ನ ಹೆಸರು ವಿಳಾಸವಿದ್ದ ಒಂದು ಪ್ರತಿಯನ್ನು ಅವಳಿಗೇ ಕೊಟ್ಟು ಬಂದಿದ್ದಳು. ತೊಂದರೆ ಅನಿಸಿದರೆ ಸಂಪರ್ಕಿಸಿ ಎಂದು ಅದರಲ್ಲಿ ಅಚ್ಚಾಗಿತ್ತು.

ಆ ವಾರ ಚಂದ್ರಲೇಖಾ ಮೇಡಂ ಅವಳ ಕರಡು ನೋಡಿ ಕನ್ನಡಕ ತೆಗೆದರು. "ಹಾಡಿಲ್ಲದೆ ಹಾಡಿನ ಬಗ್ಗೆ ಅಧ್ಯಾಯ ಬರೆಯೋದು ಹೇಗಮ್ಮ? ಒಂದಾದ್ರೂ ಧ್ವನಿಮುದ್ರಣ ಇರಬೇಕು. ಸೋಮವಾರ ಕೊನೇ ದಿನ, ಗೊತ್ತಲ್ಲ." ಬೇರೆಯವರೆಲ್ಲ ಜಾತ್ರೆ, ಮದುವೆ, ಸಂತೆ ಎಂದು ಕೈಗೆ ಸಿಗುವಂಥ ವಿಷಯ ಹಿಡಿದು ಆಗಲೇ ಮುಗಿಸಿದ್ದರು. ಬೇರಿಕೆಯ ಸುತ್ತ ಆ ತಿಂಗಳು ಯಾರೂ ಸಾಯಲಿಲ್ಲ. ಯಾರೂ ಸಾಯಲಿಲ್ಲವಲ್ಲ ಎಂದು ತಾನು ಬೇಸರಪಡುತ್ತಿರುವುದು ಗಮನಕ್ಕೆ ಬಂದಾಗ ಭೂಮಿಕಾಳಿಗೆ ಸ್ವಲ್ಪ ನಾಚಿಕೆಯಾಯಿತು. ಆದರೆ ಸೋಮವಾರದ ಮುಂದೆ ಆ ನಾಚಿಕೆ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವಳು ಬೇರಿಕೆ ಬಸ್ಸು ಹತ್ತಿದಳು. ಇನ್ನೊಂದು ಸಲ ಕೇಳಿ ನೋಡೋಣ ಎಂದಷ್ಟೇ ಹೊರಟಿದ್ದು ಎಂದು ಆಮೇಲೆ ತನಗೆ ತಾನೇ ಎಷ್ಟೋ ಬಾರಿ ಹೇಳಿಕೊಂಡಳು. ಆದರೆ ಬೇರಿಕೆಯಲ್ಲಿ ಇಳಿದು ನಡೆಯುವಾಗಲೇ ಕೂದಲು ಬಿಚ್ಚಿ ಕೆದರಿಕೊಂಡಿದ್ದಳು. ಫೋನಿನ ರೆಕಾರ್ಡಿಂಗ್ ಒತ್ತಿ ಚೀಲದ ಬಾಯಲ್ಲಿ ನೆಟ್ಟಗೆ ನಿಲ್ಲಿಸಿದ್ದಳು.

ರಾಮಕ್ಕ ಹಿತ್ತಲಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದಳು. "ಏನಮ್ಮಣ್ಣಿ, ಇಷ್ಟೊತ್ಗೆ?" ಎಂದು ತಿರುಗಿದವಳು ಹುಡುಗಿಯ ಮುಖ ನೋಡಿ ನಿಂತಳು.

"ಅಜ್ಜಿ ಹೋಗ್ಬಿಟ್ರು ರಾಮಕ್ಕ. ನಿನ್ನೆ ಬೆಳಿಗ್ಗೆ. ಊರಿಗೆ ತಗೊಂಡು ಹೋದ್ರು. ನಂಗೆ ಪರೀಕ್ಷೆ ಇತ್ತು. ಮುಖ ನೋಡೋಕಾಗ್ಲಿಲ್ಲ."

ಒಂದೇ ಉಸಿರಿಗೆ, ಬಾಯಿಪಾಠ ಒಪ್ಪಿಸಿದ ಹಾಗೆ ಹೇಳಿದಳು. ಅಷ್ಟು ಕೆಟ್ಟದಾಗಿ ಹೇಳಿದ ಸುಳ್ಳನ್ನು ಅವಳಮ್ಮನಾಗಿದ್ದರೆ ಅಲ್ಲೇ ಹಿಡಿಯುತ್ತಿದ್ದಳು. ಆದರೆ ಸಾವಿನ ವಿಷಯದಲ್ಲಿ ಯಾರಾದರೂ ಸುಳ್ಳು ಹೇಳುತ್ತಾರೆಂಬುದು ರಾಮಕ್ಕನ ಅರವತ್ತೈದು ವರ್ಷದಲ್ಲಿ ಎಂದೂ ನಡೆದಿರಲಿಲ್ಲ. ಅವಳು ಹುಲ್ಲಿನ ಕಟ್ಟು ಬಿಟ್ಟು ಬಂದಳು, ಭೂಮಿಕಾಳನ್ನು ಎರಡೂ ತೋಳಲ್ಲಿ ಬಾಚಿ ತಬ್ಬಿದಳು. ಸಗಣಿ, ಹೊಗೆ, ಎಲೆಅಡಿಕೆಯ ವಾಸನೆ ಮೂಗಿಗೆ ಬಡಿಯಿತು. "ಅಯ್ಯೋ ನನ್ ಕಂದ" ಎಂದಳು.

ಇಬ್ಬರೂ ಅಂಗಳದ ಮಣ್ಣಿನಲ್ಲಿ ಕೂತರು. ಹಾಡುವ ಮೊದಲು ರಾಮಕ್ಕ ಕೇಳಿದಳು. ಹಾಡಿಗೆ ಅದೆಲ್ಲ ಬೇಕು.

"ನಿಮ್ಮಜ್ಜಿ ತವ್ರು ಯಾವೂರು?"

"ಕುಣಿಗಲ್ ಕಡೆ."

"ಕಡೆ ಅಂದ್ರೆ? ಊರೆಸ್ರು?"

ಭೂಮಿಕಾ ಬಾಯಿ ತೆರೆದು ಮುಚ್ಚಿದಳು.

"ಮಕ್ಳೆಷ್ಟು?"

"ಅಪ್ಪ ಒಬ್ರೇ."

"ಏನ್ ಕೆಲ್ಸ ಮಾಡ್ಕಂಡಿದ್ರು? ಏನಂದ್ರೆ ಆಸೆ ಅವ್ರಿಗೆ?"

"ಮನೇಲೇ ಇರ್ತಿದ್ರು. ಬಾಗಿಲ ಹತ್ರ ಕೂತಿರ್ತಿದ್ರು. ನಾನು ಬರೋವರೆಗೂ ಅನ್ನ ಬಿಸಿ ಇಡ್ತಿದ್ರು. ಮಂಡಿ ನೋವು. ಟೀವಿ ನೋಡ್ತಿದ್ರು."

ರಾಮಕ್ಕ ಅವಳ ತಲೆ ಸವರಿದಳು. "ಆಗ್ಲಿ ಬುಡು, ಬಾಯಿ ಬರ್ದು ಇಂಥ ಒತ್ನಲ್ಲಿ" ಎಂದು ಕಣ್ಣು ಮುಚ್ಚಿದಳು.

"ಹೊಸೂರ ಬೀದೀಲಿ ಹೊಸಿಲ ಕಾದೋಳೆ
ಹೆಸರಿಡಿದು ಕೂಗಿದರೂ ಓಗೊಡೆ, ನನ್ನವ್ವ
ಬಸಿದಿಟ್ಟ ಅನ್ನ ಬಿಸಿಯೈತೆ"

ದನಿ ಮೊದಲು ಮಾತಿನಂತೆ ಶುರುವಾಗಿ, ಮೂರನೇ ಸಾಲಿಗೆ ಬರುವಾಗ ಮುರಿದು ಅಳುವಾಗಿ, ಅಲ್ಲಿಂದ ಮತ್ತೆ ಮೇಲೆದ್ದಿತು. ಪಕ್ಕದ ಮನೆಯ ಹೆಂಗಸರಿಬ್ಬರು ಬಂದರು. ಅವರಲ್ಲೊಬ್ಬಳು ತೆಲುಗಿನಲ್ಲಿ ಏನೋ ಕೇಳಿ, ಉತ್ತರ ಸಿಗುವ ಮೊದಲೇ ಸೆರಗು ಬಾಯಿಗಿಟ್ಟುಕೊಂಡು ಕೂತು ತಾನೂ ಅತ್ತಳು. ಭೂಮಿಕಾಳಿಗೂ ಅಳು ಬಂತು. ಅದು ನಿಜವಾದ ಅಳುವೇ. ಆದರೆ ಅಳುತ್ತಲೇ ಚೀಲದ ಬಾಯಿ ಸರಿಯಾದ ಕಡೆಗಿದೆಯೇ ಎಂದು ಎರಡು ಸಲ ನೋಡಿದಳು. ಆ ಎರಡು ಸಲ ನೋಡಿದ್ದನ್ನು ಮುಂದೆ ಅವಳು ಯಾರಿಗೂ ಹೇಳಲಿಲ್ಲ.

ಹಾಡು ಮುಗಿದ ಮೇಲೆ ರಾಮಕ್ಕ ಅವಳ ತಲೆಗೂ ತನ್ನ ತಲೆಗೂ ಒಂದೊಂದು ತಂಬಿಗೆ ನೀರು ಸುರಿದಳು. "ಹನ್ನೊಂದಕ್ಕೆ ನಾನೂ ಬರ್ಬೇಕು. ಅತ್ತೋರು ಸತ್ತೋರ್ ಮನೇಲಿ ಒಂದ್ ತುತ್ತು ಉಣ್ಬೇಕು. ಇಲ್ದಿದ್ರೆ ಅಳು ನಮ್ಮನೇಲೇ ನಿಂತೋಯ್ತದೆ."

"ತಿಥಿ ಊರಲ್ಲಿ ರಾಮಕ್ಕ. ಅಷ್ಟು ದೂರ ನಿಮಗೆ ಬೇಡ" ಎಂದಳು ಭೂಮಿಕಾ. ಒಂದು ಸುಳ್ಳಿಗೆ ಇನ್ನೊಂದು ಎಷ್ಟು ಸರಾಗವಾಗಿ ಬಂತೆಂದು ಅವಳಿಗೇ ಆಶ್ಚರ್ಯವಾಯಿತು.

ಸೋಮವಾರ ಅಧ್ಯಾಯ ಒಪ್ಪಿಸಿದಳು. ಮಾಹಿತಿ ಹಾಳೆಯಲ್ಲಿ 'ಸಂದರ್ಭ' ಎಂಬ ಕಡೆ ಏನು ಬರೆಯಬೇಕೆಂದು ಅರ್ಧ ಗಂಟೆ ಕೂತು, ಕೊನೆಗೆ 'ಸಂಶೋಧಕಿಯ ಅಜ್ಜಿಯ ಮರಣ' ಎಂದು ಬರೆದಳು. ಬೇರೆ ಬರೆದಿದ್ದರೆ ಹಾಡಿನ ಸಾಲುಗಳಿಗೆ ತಾಳೆಯಾಗುತ್ತಿರಲಿಲ್ಲ. ಬುಧವಾರ ಚಂದ್ರಲೇಖಾ ಮೇಡಂ ತರಗತಿಯ ಸ್ಪೀಕರಿನಲ್ಲಿ ಅದನ್ನು ಹಾಕಿದರು. ಇಪ್ಪತ್ತೆರಡು ಜನ ಪಿಟ್ಟೆನ್ನದೆ ಕೇಳಿದರು. "ತನ್ನ ಮನೆಯ ದುಃಖದ ನಡುವೆಯೂ ಕೆಲಸ ಬಿಡದ ಹುಡುಗಿ. ಒಳಗಿನವಳೂ ಆಗಿ, ಹೊರಗಿನವಳೂ ಆಗಿ ನೋಡೋದು ಅಂದ್ರೆ ಇದು" ಎಂದು ಮೇಡಂ ಅವಳ ಹೆಗಲ ಮೇಲೆ ಕೈಯಿಟ್ಟರು. ಗೆಳತಿಯರು ಒಬ್ಬೊಬ್ಬರಾಗಿ ಬಂದು ಕೈ ಹಿಡಿದರು. ಅವಳು ನೆಲ ನೋಡುತ್ತ ನಿಂತಳು. ಅವರು ಅದನ್ನು ದುಃಖ ಅಂದುಕೊಂಡರು.

ಮನೆಯಲ್ಲಿ ಅಜ್ಜಿ ಎಂದಿನಂತೆ ಬಾಗಿಲ ಬಳಿ ಕೂತಿರುತ್ತಿದ್ದಳು. ಭೂಮಿಕಾ ಅವಳ ಮುಖ ನೋಡದೆ ಒಳಗೆ ನುಗ್ಗುತ್ತಿದ್ದಳು. ಗೋಡೆಗೆ ತಿರುಗಿ ಉಣ್ಣುತ್ತಿದ್ದಳು. ಅಮ್ಮ ಶ್ಯಾಮಲಾ ಒಂದು ದಿನ ಸುಮ್ಮನೆ, "ಅತ್ತೆ ಯಾಕೋ ಈ ವಾರ ಬಹಳ ಕೆಮ್ಮುತಾವ್ರೆ" ಅಂದಾಗ ಅವಳ ಕೈಯಿಂದ ಲೋಟ ಜಾರಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ಅವಳದಾಗಿತ್ತು. ಅಜ್ಜಿ ಕೆಮ್ಮಿದರೆ ಕೈಯಲ್ಲಿದ್ದ ಪುಸ್ತಕ ಬಿಟ್ಟು ಕಿವಿಗೊಡುತ್ತಿದ್ದಳು, ಕೆಮ್ಮದೆ ಮಲಗಿದ್ದರೆ ಹತ್ತಿರ ಹೋಗಿ ಉಸಿರಾಡುತ್ತಿದ್ದಾಳೋ ಎಂದು ಬಗ್ಗಿ ನೋಡುತ್ತಿದ್ದಳು. ಮೊಮ್ಮಗಳಿಗೆ ಯಾರದೋ ಕಣ್ಣು ಬಿದ್ದಿದೆ ಎಂದು ಭಾಗ್ಯಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮಂಡಿ ನೋವಿನ ಕಾಲಲ್ಲಿ ಮೂರು ಸುತ್ತು ಸುತ್ತಿ ನಿವಾಳಿಸುವಾಗ ಭೂಮಿಕಾ ಕಣ್ಣು ಮುಚ್ಚಿ ನಿಂತಿದ್ದಳು. ಈಗಲೇ ಹೇಳಿಬಿಡಬೇಕು ಅನಿಸಿತು. ಹೇಳಲಿಲ್ಲ.

ಹನ್ನೊಂದನೇ ದಿನ ಭಾನುವಾರ ಬಂತು. ಅಪ್ಪ ಮೊದಲ ಶಿಫ್ಟಿಗೆ, ಅಮ್ಮ ಬೀದಿಯ ಹೆಂಗಸರ ಜೊತೆ ಯಾರದೋ ಸೀಮಂತಕ್ಕೆ ಹೋಗಿದ್ದರು. ಭೂಮಿಕಾ ಕೋಣೆಯಲ್ಲಿ ಮಂಚದ ಮೇಲೆ ಮಲಗಿದ್ದಳು. ಅಜ್ಜಿ ಬಾಗಿಲ ಬಳಿ ರಾತ್ರಿಗೆಂದು ನೆನೆಸಿದ ಅವರೆಕಾಳು ಹಿತಕುತ್ತಿದ್ದಳು. ಸಿಪ್ಪೆ ಬಿಟ್ಟು ಜಾರಿದ ಬೇಳೆ ಬಟ್ಟಲಿಗೆ ಬೀಳುವ ಸಣ್ಣ ಸದ್ದು ಕೇಳುತ್ತಿತ್ತು. ಅದು ನಿಂತಿತು.

"ಯಾರ್ ಬೇಕಿತ್ತವ್ವ?"

"ಜಯರಾಮಯ್ಯನೋರ ಮನೆ ಇದೇನಾ? ಕಾಲೇಜ್ಗೋಗೋ ಭೂಮಿಕಾ ಅಂತ."

ಆ ದನಿಯನ್ನು ಭೂಮಿಕಾ ಹದಿನಾಲ್ಕು ನಿಮಿಷದ ರೆಕಾರ್ಡಿಂಗಿನಲ್ಲಿ ಅಕ್ಷರ ಅಕ್ಷರ ಬರೆದುಕೊಂಡು ಕೇಳಿದ್ದಳು. ಅವಳು ಮಂಚದ ಮೇಲೆ ಎದ್ದು ಕೂತಳು. ಆ ಕೋಣೆಗೆ ಇನ್ನೊಂದು ಬಾಗಿಲು ಇರಲಿಲ್ಲ.

"ಇದೇಯ. ನನ್ ಮೊಮ್ಮಗ್ಳು. ಬಾ ಒಳೀಕೆ."

ರಾಮಕ್ಕ ಬರಲಿಲ್ಲ. "ಅಷ್ಟು ದೂರ ಊರ್ಗೋಗಕ್ಕಾಗಲ್ಲ, ಈ ಮನೇಲೇ ಒಂದ್ ತುತ್ತು ಉಂಡೋಗಾನ ಅಂತ ಈ ಚೀಟಿ ತೋರ್ಸಿ ತೋರ್ಸಿ ಬಂದೆ. ಇಸ್ತ್ರಿ ಅಂಗ್ಡಿಯವ್ನತ್ರ ಸಾವು ವೀಡು, ಸಾವಿನ್ಮನೆ ಎಲ್ಲಪ್ಪಾ ಅಂತ ಕೇಳಿದ್ರೆ ಈ ಬೀದೀಲಿ ಯಾರೂ ಸತ್ತಿಲ್ಲ ಅಂದ. ನಾನು ಬೀದಿ ತಪ್ತೇನೋ ಅನ್ಕಂಡೆ." ಏನನ್ನೋ ನೆಲಕ್ಕಿಟ್ಟ ಸದ್ದಾಯಿತು. "ನೀವು ಭೂಮಿಕಾಗೆ ತಾಯಿ ಕಡೆಯೋರಾ?"

"ಅಲ್ಲವ್ವ, ಅವಳಪ್ಪನ ತಾಯಿ. ಭಾಗ್ಯಮ್ಮ ಅಂತ."

ಭೂಮಿಕಾ ಎದ್ದು ಹೊರಗೆ ಬಂದಳು. ಬಾರದೆ ಇರುವ ದಾರಿ ಇದ್ದಿದ್ದರೆ ಬರುತ್ತಿರಲಿಲ್ಲ, ಅಷ್ಟೇ.

ರಾಮಕ್ಕ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು. ತಲೆಗೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು ಬಂದಿದ್ದಳು. ಪಕ್ಕದಲ್ಲಿ ಬಟ್ಟೆಯ ಚೀಲ, ಅದರಲ್ಲಿ ಅಕ್ಕಿ, ಬೆಲ್ಲದ ಅಚ್ಚು, ಎಲೆಅಡಿಕೆ. ಅವಳು ಭಾಗ್ಯಮ್ಮನನ್ನೇ ನೋಡುತ್ತಿದ್ದಳು. ಭಾಗ್ಯಮ್ಮ ಒಮ್ಮೆ ಅವಳನ್ನು, ಒಮ್ಮೆ ಮೊಮ್ಮಗಳನ್ನು ನೋಡಿದಳು.

"ಏನೇ ಅದು?"

ಇದನ್ನು ತಾನೇ ಹೇಳಬೇಕೆಂದು ಭೂಮಿಕಾಳಿಗೆ ಗೊತ್ತಾಯಿತು. ಅಲ್ಲಿದ್ದ ಇನ್ನಿಬ್ಬರಿಂದ ಅದನ್ನು ಹೇಳಿಸುವಂತಿರಲಿಲ್ಲ. "ಅಜ್ಜಿ, ನಾನು ಇವ್ರಿಗೆ... ನೀನು ಸತ್ತೋದೆ ಅಂತ ಹೇಳಿದ್ದೆ."

"ಯಾಕೆ?"

"ಹಾಡಿಸೋಕೆ. ಸಾವಿಲ್ಲದೆ ಹಾಡಲ್ಲ ಅಂದ್ರು. ಕಾಲೇಜಿಗೆ ಕೊಡ್ಬೇಕಿತ್ತು."

ಭಾಗ್ಯಮ್ಮ ಏನೂ ಅನ್ನುವ ಮೊದಲೇ ರಾಮಕ್ಕ ಎದ್ದು ಬಂದು ಅವಳ ಕಾಲ ಮೇಲೆ ಬಿದ್ದಳು. "ತಪ್ಪಾಯ್ತು ತಾಯಿ. ಬದ್ಕಿರೋರ್ಗೆ ಅತ್ಬುಟ್ಟೆ. ಇಷ್ಟು ವಯ್ಸಾಗಿ ಒಂದ್ ಮಾತು ಇಚಾರ್ಸದೆ ಬಾಯ್ಬುಟ್ಟೆ. ನಂದೇ ತಪ್ಪು. ನಿಮ್ಮ ಆಯಸ್ಸಿಗೆ ಏನಾರ ಆದ್ರೆ ನಾನೆಲ್ಲಿಗೋಗ್ಲಿ?"

ರಾಮಕ್ಕ ಬೈದಿದ್ದರೆ, ಹಿಡಿ ಮಣ್ಣು ತೂರಿ ಶಾಪ ಹಾಕಿದ್ದರೆ ಭೂಮಿಕಾ ತಡೆದುಕೊಳ್ಳಬಹುದಿತ್ತು. ಭೂಮಿಕಾ ಮಾಡಿದ ತಪ್ಪಿಗೆ ಅವಳು ಕ್ಷಮೆ ಕೇಳುತ್ತಿದ್ದಳು. ಹುಡುಗಿಯ ಕಡೆ ಅವಳು ಇನ್ನೂ ತಿರುಗಿಯೂ ನೋಡಿರಲಿಲ್ಲ.

ಭಾಗ್ಯಮ್ಮ ಬಗ್ಗಿ ಅವಳ ರಟ್ಟೆ ಹಿಡಿದು ಎಬ್ಬಿಸಿದಳು. "ಎದ್ದೇಳವ್ವ. ನೀನ್ ಯಾಕ್ ಬೀಳ್ತೀಯ. ಬಿಸ್ಲಾಗೆ ಬಂದಿದೀಯ, ಒಳೀಕ್ ಬಾ, ಉಂಡು ಮಾತಾಡಾನ."

"ಅದೇ ಆಗಲ್ಲ ತಾಯಿ." ರಾಮಕ್ಕ ಕಣ್ಣೊರೆಸಿಕೊಂಡು ತನ್ನ ಕಷ್ಟ ಹೇಳಿದಳು. ಅತ್ತವಳು ಉಣ್ಣದೆ ಹೋದರೆ ಅಳು ಅವಳ ಮನೆಯಲ್ಲಿ ನಿಲ್ಲುತ್ತದೆ. ಅಲ್ಲಿ ಸೊಸೆ ಬಸುರಿ. ಉಂಡರೆ ಇದು ಸಾವಿನ ಊಟವಾಗುತ್ತದೆ, ಎದುರಿಗೆ ಕೂತಿರುವ ಬದುಕಿದ ಜೀವಕ್ಕೆ ಹನ್ನೊಂದರ ಊಟ ಉಂಡಂತಾಗುತ್ತದೆ. "ಎಂಗ್ ಮಾಡ್ಲಿ ಯೋಳಿ. ನಮ್ಮವ್ವ ಇದ್ದಿದ್ರೆ ಕೇಳ್ಬೌದಾಗಿತ್ತು. ಇಂಥದ್ದು ನಾನು ಕೇಳೇ ಇಲ್ಲ."

ಭಾಗ್ಯಮ್ಮ ಕೂತು ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಅವಳಿಗೆ ಸಿಟ್ಟು ಬಂದಿದೆಯೋ ಇಲ್ಲವೋ ಮುಖ ನೋಡಿದರೆ ತಿಳಿಯುತ್ತಿರಲಿಲ್ಲ. ಆಮೇಲೆ ಮೊಮ್ಮಗಳಿಗೆ ಹೇಳಿದಳು, "ಏನ್ ಹಾಡ್ಸಿದ್ಯೋ ಕೇಳ್ಸು."

ಭೂಮಿಕಾ ಫೋನು ತಂದಳು. ರಾಮಕ್ಕ ಆಗ ಮೊದಲ ಬಾರಿಗೆ ಅವಳ ಕಡೆ ನೋಡಿದಳು. "ನಾನು ನಿನ್ನ ತಬ್ಕಂಡು ಅಳ್ತಾ ಇದ್ರೆ ನೀನು ಅದ್ನ ಮಡಿಕ್ಕಂಡಿದ್ಯಾ?"

"ಹೂಂ."

"ಯಾರ್ಯಾರ್ಗೆ ಕೇಳ್ಸಿದೆ?"

"ನಮ್ಮ ಕ್ಲಾಸಿನೋರಿಗೆ. ಇಪ್ಪತ್ತೆರಡು ಜನ."

"ಅತ್ರಾ?"

"ಇಲ್ಲ."

"ಮತ್ತೇನ್ ಮಾಡಿದ್ರು?"

"ಬರ್ಕೊಂಡ್ರು."

ರಾಮಕ್ಕ ತಲೆಯಾಡಿಸಿದಳು. ಭೂಮಿಕಾ ಫೋನನ್ನು ಹೊಸಿಲ ಮೇಲಿಟ್ಟು ಒತ್ತಿ, ಗೋಡೆಗೆ ಅಂಟಿಕೊಂಡು ನಿಂತಳು. ಹದಿನಾಲ್ಕು ನಿಮಿಷ ಅದು ಅಳುತ್ತಲೇ ಇತ್ತು. ಬೀದಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು ನೋಡಿ ಮುಂದೆ ಹೋದಳು. ರಾಮಕ್ಕ ಕಿವಿ ಮುಚ್ಚಿಕೊಂಡಿದ್ದಳು. ಭಾಗ್ಯಮ್ಮ ಮಾತ್ರ ಕತ್ತು ಒಂದು ಬದಿಗೆ ಬಾಗಿಸಿ, ರೇಡಿಯೋದಲ್ಲಿ ಊರಿನ ಸುದ್ದಿ ಬರುತ್ತದೇನೋ ಎಂಬ ಹಾಗೆ, ಕೊನೆಯವರೆಗೂ ಕೇಳಿದಳು.

"ಬಲು ಚೆಂದಾಗಿ ಅತ್ತಿದೀಯ ತಾಯಿ" ಎಂದಳು. "ಆದ್ರೆ ಇದು ನಾನಲ್ಲ."

ರಾಮಕ್ಕ ಕಿವಿಯಿಂದ ಕೈ ತೆಗೆದಳು.

"ಹೊಸಿಲು, ಅನ್ನ, ಮಂಡಿ ನೋವು. ಈ ಬೀದೀಲಿ ಯಾವ ಮನೆ ಮುದ್ಕಿಗಾದ್ರೂ ಆಗ್ತದೆ. ಇದ್ರಾಗೆ ನನ್ ತವ್ರೂರಿಲ್ಲ. ಕೆರೆ ಏರಿಗೆ ಮಣ್ಣು ಹೊತ್ತಿದ್ದಿಲ್ಲ. ಇವಳಪ್ಪನ್ಗಿಂತ ಮುಂಚೆ ಎರಡು ಹೆಣ್ ಮಕ್ಳು ಹುಟ್ಟಿ ಹೋದ್ವು, ಅವೂ ಇಲ್ಲ. ನನ್ ಎಸ್ರೂ ಇಲ್ಲ. ನೀನು ಬೇರೆ ಯಾರ್ಗೋ ಅತ್ತಿದೀಯ. ನಂಗಲ್ಲ. ಯಾವ ತಪ್ಪೂ ಇಲ್ಲ, ಉಣ್ಣು."

ರಾಮಕ್ಕ ಅದನ್ನು ಮನಸ್ಸಿನಲ್ಲೇ ತೂಗಿ ನೋಡಿದಳು. ಅವಳ ಹೆಗಲು ಇಳಿಯಿತು. "ಹೌದಲ್ಲ" ಎಂದಳು. "ನಾನು ಕೇಳ್ದೆ ಕಣಕ್ಕ. ತವ್ರು ಯಾವ್ದು, ಮಕ್ಳೆಷ್ಟು, ಎಲ್ಲ ಕೇಳ್ದೆ. ಈ ಮಗ ಒಂದೂ ಯೋಳ್ನಿಲ್ಲ. ದುಃಖ್ದಾಗೆ ಬಾಯಿ ಬರ್ತಿಲ್ಲ ಅನ್ಕಂಡೆ. ಗೊತ್ತೇ ಇಲ್ಲ ಅನ್ನೋದು ನಂಗ್ ತಿಳೀನಿಲ್ಲ."

ಅವಳು ಚುಚ್ಚಬೇಕೆಂದು ಹೇಳಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ, ಸರಿಯಾದ ಉತ್ತರ ಕೊಡುವವಳಂತೆ ಹೇಳಿದಳು. ಭೂಮಿಕಾ ಪುಸ್ತಕದಲ್ಲಿ ಬರೆದಿದ್ದ ಚಿತ್ರದಲ್ಲಿ ಭಾಗ್ಯಮ್ಮನ ಸೊನ್ನೆಯ ಕೆಳಗೆ ಒಂದೇ ಗೆರೆ ಇಳಿದಿತ್ತು, ಅದರ ತುದಿಯಲ್ಲಿ ಅಪ್ಪನ ತ್ರಿಕೋನ. ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿ ಅಜ್ಜಿಯ ಪಕ್ಕದಲ್ಲೇ ಮಲಗಿ ಎದ್ದಿದ್ದಳು. ರಾಮಕ್ಕನ ಮನೆತನದ ನಾಲ್ಕು ತಲೆಮಾರಿನ ಹೆಸರು ಅವಳಿಗೆ ಬಾಯಿಗೆ ಬರುತ್ತಿತ್ತು. ನಾಚಿಕೆಯಿಂದ ಅವಳಿಗೆ ನಿಲ್ಲಲಾಗಲಿಲ್ಲ, ಕೂರಲೂ ಆಗಲಿಲ್ಲ.

"ಅಜ್ಜಿ" ಎಂದಳು.

"ಎಲೆ ಹಾಕು ಹೋಗು" ಎಂದಳು ಭಾಗ್ಯಮ್ಮ.

ಅವಳು ಎಲೆ ಹಾಕಿದಳು. ಬೆಳಿಗ್ಗೆಯೇ ಮಾಡಿಟ್ಟಿದ್ದ ಮುದ್ದೆ, ಹಿತಕಿದ ಬೇಳೆ ಸಾರು ತಂದಿಟ್ಟಳು. ರಾಮಕ್ಕ ಕೈಕಾಲು ತೊಳೆದು ಹೊಸಿಲು ದಾಟಿ ಬಂದು ಭಾಗ್ಯಮ್ಮನ ಎದುರು ಕೂತಳು. ಮೊದಲ ತುತ್ತು ಮುರಿದು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿ ನುಂಗಿದಳು. ನುಂಗಿದ ಮೇಲೆ, "ಸಾರು ಚೆನ್ನಾಗೈತೆ ಕಣಕ್ಕ" ಎಂದಳು.

"ತವ್ರು ಯಾವೂರಕ್ಕ ನಿಮ್ದು?"

"ನಮ್ದಾ? ದೊಡ್ಡೂರೇನಲ್ಲ. ಹತ್ತು ಮನೆ" ಎಂದು ಭಾಗ್ಯಮ್ಮ ಶುರುಮಾಡಿದಳು.

ಭೂಮಿಕಾ ಸಾರಿನ ಪಾತ್ರೆ ಹಿಡಿದು ಅಡುಗೆಮನೆಯಿಂದ ಹೊರಗೆ ಬಂದಳು. ಮಾತು ನಿಂತಿತು. ಅವಳು ಬಗ್ಗಿ ಇಬ್ಬರಿಗೂ ಬಡಿಸುವವರೆಗೂ ಇಬ್ಬರೂ ಎಲೆ ನೋಡುತ್ತಿದ್ದರು. ರಾಮಕ್ಕ ಸಾಕೆಂದು ಕೈ ಅಡ್ಡ ಹಿಡಿದಳು. ಭಾಗ್ಯಮ್ಮ ಒರಟಾಗಿ ಅಲ್ಲ, ಆದರೂ ಹೇಳಿದಳು, "ಇಲ್ಲೇನೂ ಬೇಡ ಈಗ. ಹೋಗು."

ಅವಳು ಒಳಗೆ ಹೋದಳು. ಮಾತು ಮತ್ತೆ ಶುರುವಾಯಿತು, ಸ್ವಲ್ಪ ತಗ್ಗಿದ ದನಿಯಲ್ಲಿ. ಊರಿನ ಹೆಸರು ಹೇಳುತ್ತಿದ್ದಳು ಅಜ್ಜಿ. ಮನೆ ಚಿಕ್ಕದು, ಅಡುಗೆಮನೆಗೂ ಆ ಕೋಣೆಗೂ ನಡುವೆ ಇದ್ದದ್ದು ಒಂದು ಪರದೆ ಮಾತ್ರ. ಕಿವಿಗೊಟ್ಟು ನಿಂತರೆ ಒಂದಕ್ಷರವೂ ತಪ್ಪದೆ ಕೇಳುತ್ತಿತ್ತು.

ಭೂಮಿಕಾ ಸಾರಿನ ಪಾತ್ರೆ ಕೆಳಗಿಟ್ಟು, ಖಾಲಿ ಪಾತ್ರೆಯೊಂದನ್ನು ತೊಟ್ಟಿಯಲ್ಲಿಟ್ಟು ನಲ್ಲಿ ತಿರುಗಿಸಿದಳು. ನೀರು ತಳಕ್ಕೆ ಬಡಿದು ದೊಡ್ಡದಾಗಿ ಸದ್ದು ಮಾಡಿತು. ಪಾತ್ರೆ ತುಂಬುತ್ತ ಬಂದ ಹಾಗೆ ಸದ್ದು ಕಡಿಮೆಯಾಗಿ ಪರದೆಯಾಚೆಯ ದನಿ ಮತ್ತೆ ಕೇಳಿಸತೊಡಗಿತು. ಅವಳು ಪಾತ್ರೆ ಬಗ್ಗಿಸಿ ನೀರು ಚೆಲ್ಲಿ, ಖಾಲಿ ಪಾತ್ರೆಯನ್ನು ಮತ್ತೆ ನಲ್ಲಿಯ ಕೆಳಗಿಟ್ಟಳು.